ಬಿಳಿ ಮಶೀನಿಗೆ ಬಿಳಿ ಜೋಡಿ

ಐವತ್ತು ದಾಟಿದ ಹೆಂಗಸು ಟಿವಿಗೆ ಹಚ್ಚಿ ಗೇಮ್ ಆಡುವ ಮಶೀನು ಕೊಳ್ಳಲು ಹೊರಟರೆ ಗೋಕಾಕದಲ್ಲಿ ಸಲಹೆಗೆ ಬರಗಾಲವಿಲ್ಲ. ನನ್ನ ಹತ್ತಿರ ಬ್ಲೌಸು ಹೊಲಿಸಲು ಬರುವವರೆಲ್ಲ ಒಂದೊಂದು ಹೇಳಿದರು. ಒಬ್ಬಳು ಫೋನೇ ಸಾಕೆಂದಳು. ಇನ್ನೊಬ್ಬಳು ಕಂಪ್ಯೂಟರ್ ತಗೊಂಡರೆ ಅದರಲ್ಲಿ ಅಡುಗೆಯನ್ನೂ ಕಲಿಯಬಹುದೆಂದಳು. ನನ್ನ ಅಡುಗೆ ಉಂಡವಳು ಅವಳು. ಮೂರನೆಯವಳು ಬಾಯಿ ಮುಚ್ಚಿಕೊಂಡು ಅಳತೆ ಕೊಟ್ಟು ಹೋದಳು. ಹೊರಗೆ ಹೋಗಿ ನನಗೆ ಅರಳುಮರಳು ಎಂದಳಂತೆ.

ನನಗೆ ಬೇಕಾಗಿದ್ದದ್ದು ಆಟವಲ್ಲ, ಮಗಳು. ಅವಳನ್ನು ಹುಕ್ಕೇರಿಗೆ ಕೊಟ್ಟಿದ್ದೇನೆ. ಮದುವೆಗೆ ಮುಂಚೆ ನಾವಿಬ್ಬರೂ ಸಂಜೆ ನೆಲದ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು ಚೌಕಾಬಾರ ಆಡುತ್ತಿದ್ದೆವು. ಅವಳು ಮೋಸ ಮಾಡುತ್ತಿದ್ದಳು, ನಾನು ಬೈಯುತ್ತಿದ್ದೆ, ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಈಗ ಫೋನಿನಲ್ಲಿ "ಊಟ ಆತೇನ?" "ಆತು." "ಏನ ಪಲ್ಯಾ?" "ಬದ್ನಿಕಾಯಿ." ಆಮೇಲೆ ಆ ಕಡೆ ಅವಳ ಅತ್ತೆ ಕೆಮ್ಮುತ್ತಾರೆ, ಇವಳು ಫೋನ್ ಇಡುತ್ತಾಳೆ. ಹುಕ್ಕೇರಿಯೇನು ದೂರದ ಊರಲ್ಲ, ಬಸ್ಸು ಬೇಕಾದಷ್ಟಿವೆ. ಆದರೆ ಬರುತ್ತೇನೆಂದಾಗೆಲ್ಲ ಆ ಅತ್ತೆ, "ತವರಮನಿ ಎಲ್ಲಿ ಓಡಿ ಹೋಗ್ತೈತಿ?" ಎನ್ನುತ್ತಾರಂತೆ. ತವರು ಓಡುವುದಿಲ್ಲ, ನಿಜ. ಅದಕ್ಕೂ ಮೊಣಕಾಲು ನೋವು.

ಒಂದು ದಿನ ಮಗಳೇ ಹೇಳಿದಳು: "ಇವರು ಗೇಮ್ ಮಶೀನ್ ತಂದಾರ ಅವ್ವಾ. ನೀನೂ ಒಂದ ತಗೋ. ನೀ ಅಲ್ಲೆ, ನಾ ಇಲ್ಲೆ, ಇಬ್ರೂ ಕೂಡಿ ಆಡಾಕ ಬರ್ತೈತಿ." ಖುಷಿಯಲ್ಲಿ ಆ ದಿನ ಒಂದು ಬ್ಲೌಸಿಗೆ ತೋಳು ತಿರುವುಮುರುವಾಗಿ ಹೊಲಿದೆ.

ಹೊಸದರ ಬೆಲೆ ಕೇಳಿ ನೀರು ಕುಡಿದೆ. ಹಳೆಯದೇ ಗತಿ ಎಂದಾಯಿತು. ಹಳೆಯದು ಕೊಳ್ಳಬೇಕೆಂದರೆ ನಮ್ಮ ಮನೆತನದಲ್ಲಿ ಕುಲಗೋಡದ ನನ್ನ ಅಣ್ಣ ಬರಲೇಬೇಕು. ಎತ್ತು ಆರಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ನಾವು ಫ್ರಿಜ್ ತರುವಾಗಲೂ ಅವನು ಅದರ ಹೊಟ್ಟೆ ತಟ್ಟಿ ನೋಡಿದ್ದ.

ಮೂಡಲಗಿಯ ಒಂದು ಅಂಗಡಿಯಲ್ಲಿ ಹಳೆಯ ಮಶೀನು ಸಿಗುತ್ತವೆಂದು ತಿಳಿದು ಇಬ್ಬರೂ ಹೋದೆವು. ಮಗಳು ಕಳಿಸಿದ್ದ ಅವಳ ಮಶೀನಿನ ಫೋಟೊ ಅಣ್ಣನ ಕೈಗೆ ಕೊಟ್ಟೆ. ಅವನು ಅದನ್ನು ಬಹಳ ಹೊತ್ತು ನೋಡಿದ. ಮನೆಯಲ್ಲಿ ಒಂದು ಎತ್ತು ಇದ್ದು ಇನ್ನೊಂದು ತರುವಾಗ ಜೋಡಿ ಕೂಡಬೇಕು. ಬಣ್ಣ ಒಂದೇ ಇರಬೇಕು, ಎತ್ತರ ಒಂದೇ ಇರಬೇಕು. ಅಂಗಡಿಯಲ್ಲಿದ್ದವು ಎರಡೇ, ಒಂದು ಕರಿಯದು, ಒಂದು ಬಿಳಿಯದು. ಮಗಳದು ಬಿಳಿಯದು.

"ಯಾವ ಕಂಪನಿದು ಬೇಕಂತ ಮೊದ್ಲ ಹೇಳ್ರಿ ಅಕ್ಕಾರ," ಎಂದು ಅಂಗಡಿಯವನು ಬಾಯಿ ತೆಗೆದ.

"ಕಂಪನಿ ತಗೊಂಡು ಏನ್ ಮಾಡೂದೈತಿ? ಮೈಬಣ್ಣಾ ನೋಡ," ಎಂದು ಅಣ್ಣ ಆ ಬಾಯಿ ಮುಚ್ಚಿಸಿದ. ಬಿಳಿಯದನ್ನು ಗೇಣು ಹಾಕಿ ಅಳೆದ, ಎತ್ತಿ ತೂಕ ನೋಡಿದ. ಕರಿಯದರ ಬೆಲೆ ಕಡಿಮೆ ಎಂದು ನಾನು ಪಿಸುಗುಟ್ಟಿದೆ. "ತಂಗಿ, ನೀ ಸುಮ್ಕಿರ," ಎಂದ. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಕೈಮೇಲೆ ಹಾಕಿಕೊಂಡ. ದನದ ಸಂತೆಯಲ್ಲಿ ಬೆಲೆ ಬಾಯಲ್ಲಿ ಆಡುವುದಿಲ್ಲ, ಬಟ್ಟೆಯ ಕೆಳಗೆ ಬೆರಳು ಹಿಡಿದು ಮುಗಿಸುತ್ತಾರೆ. ಅಂಗಡಿಯವನ ಕೈ ಯಾರೂ ಹೇಳದೆ ಟವೆಲ್ಲಿನ ಕೆಳಗೆ ಹೋಯಿತು. ವ್ಯಾಪಾರ ಮುಗಿದ ಮೇಲೆ ಅವನು ಆಟದ ಡಿಸ್ಕಿಗೆ ಬೇರೆ ರೊಕ್ಕ ಎಂದ. "ಎತ್ತು ಮಾರಿ ಹಗ್ಗಕ್ಕ ರೊಕ್ಕಾ ಕೇಳ್ತಿಯೇನೋ?" ಎಂದು ಅಣ್ಣ ಗದರಿಸಿ, ಒಂದು ಕಾರಿನ ರೇಸಿನ ಡಿಸ್ಕನ್ನೂ ಇನ್ನೊಂದು ರಿಮೋಟನ್ನೂ ಪುಕ್ಕಟೆ ಕಿತ್ತುಕೊಂಡ.

ಮನೆಗೆ ತಂದು ಮೂರೆಳೆ ವಿಭೂತಿ ಹಚ್ಚಿ, ಮಗಳಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. ಮೊದಲು ವಿಭೂತಿ ನೋಡಿ ನಕ್ಕಳು. ಆಮೇಲೆ ನಗು ನಿಂತಿತು.

"ಅವ್ವಾ, ಇದು ಬ್ಯಾರೆ ಕಂಪನಿದು. ನಾ ಆಡೂ ಆಟ ಇದರಾಗ ಬರಂಗಿಲ್ಲ. ಕೂಡಿ ಆಡಾಕ ಆಗಂಗಿಲ್ಲ."

ಅಂಗಡಿಗೆ ಫೋನ್ ಮಾಡಿ ಕೇಳಿದರೆ ಅವಳ ಕಂಪನಿಯದು ಆ ಕರಿಯದೇ ಆಗಿತ್ತು, ಮಾರಿದ್ದು ವಾಪಸ್ ಇಲ್ಲ ಎಂದ ಅಂಗಡಿಯವನು. ಎತ್ತು ಏರಿಗೆ, ಕೋಣ ನೀರಿಗೆ. ನನಗೆ ಅಳು ಬಂತು. ಸಿಟ್ಟು ಬಂದದ್ದು ಅಣ್ಣನ ಮೇಲೆ. ಅವನು ಕುಲಗೋಡದಲ್ಲಿ ಇದ್ದುದರಿಂದ ಬ್ಲೌಸು ಕೇಳಲು ಬಂದವರಿಗೆಲ್ಲ ಬೈದೆ.

ಮುಂದಿನ ರವಿವಾರ ಮಗಳು ಬಂದೇಬಿಟ್ಟಳು. ಏನಾದರೂ ಮಾಡಲು ಬರುತ್ತದೋ ನೋಡುತ್ತೇನೆ ಎಂದಳು. ಏನೂ ಬರಲಿಲ್ಲ. ಇಬ್ಬರೂ ಒಂದೊಂದು ರಿಮೋಟು ಹಿಡಿದು ಕೂತೆವು. ನನ್ನ ಕಾರು ತಗ್ಗಿಗೆ ಬಿತ್ತು. ರಸ್ತೆ ಸರಿ ಇಲ್ಲ ಎಂದೆ. "ಕುಣೀಲಾರದಾಕಿಗೆ ಅಂಗಳ ಡೊಂಕ," ಎಂದು ಅವಳು ನಕ್ಕಳು. ಇದರಲ್ಲೂ ಮೋಸ ಮಾಡುತ್ತಾಳೆ, ಬೇಕಂತಲೇ ಬಂದು ನನ್ನ ಕಾರಿಗೆ ಗುದ್ದುತ್ತಾಳೆ. ನಾನು ಬಾಯಿ ತುಂಬ ಬೈದೆ. ಎಷ್ಟು ದಿನವಾಗಿತ್ತು ಹಾಗೆ ಬೈದು! ಆಮೇಲೆ ಒಂದು ರವಿವಾರ ಬಿಟ್ಟು ಒಂದು ರವಿವಾರ ಬರತೊಡಗಿದಳು. ಯಾಕೆ ಎಂದು ನಾನು ಕೇಳಲಿಲ್ಲ, ರೊಟ್ಟಿ ಬಡಿದೆ.

ಹೀಗಿರುವಾಗ ಮೂಡಲಗಿಯಿಂದ ಅಂಗಡಿಯವನ ಫೋನು ಬಂತು. ಕರಿಯದು ಇನ್ನೂ ಮಾರಿಲ್ಲ, ಬೇಕಾದರೆ ಬದಲಿಸಿ ಕೊಡುತ್ತೇನೆ, ಮೇಲೆ ಏನೂ ಕೊಡುವುದು ಬೇಡ ಎಂದ. ಇಂಥ ಒಳ್ಳೆಯ ಮನುಷ್ಯನ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮಗಳಿಗೆ ಹೇಳದೇ ಇದ್ದುಬಿಡೋಣ ಎನಿಸಿತು. ಆದರೆ ಅವಳು ತುಂಬಿದ ಬಸ್ಸಿನಲ್ಲಿ ನಿಂತು ಬರುತ್ತಾಳೆ, ಬಂದಾಗ ಮುಖ ಬಾಡಿರುತ್ತದೆ. ಮುಂದಿನ ಸಲ ಬಂದಾಗ ಹೇಳಿದೆ: "ಕರೀದು ತಂದ್ರ ನೀ ಅಲ್ಲಿಂದನ ಆಡಬಹುದು. ನಿನಗೂ ಓಡಾಡೂ ತ್ರಾಸು ತಪ್ಪತೈತಿ."

ಅವಳು ರಿಮೋಟು ಕೆಳಗಿಟ್ಟಳು.

"ಬ್ಯಾಡ ಅವ್ವಾ," ಎಂದಳು. "ಅವ್ವನ ಮಶೀನ್ ಕೆಟ್ಟೈತಿ, ಆಕಿಗೆ ತಿಳಿಯಂಗಿಲ್ಲ, ನಾನ ಹೋಗಿ ನೋಡ್ಬೇಕು ಅಂತ ನಮ್ಮ ಅತ್ತಿಗೆ ಹೇಳಿ ಬರ್ತೇನಿ. ಅದು ಸರಿ ಆತಂದ್ರ, ಏನಂತ ಹೇಳಿ ಬರ್ಲಿ?"