ಮರಗಳ ಹಬ್ಬಕ್ಕೆ ನಾನು ಅಂಟಿಸಿದ ಚೀಟಿ

ಗೆಳೆಯರೇ, ಇವತ್ತು ಮಧ್ಯಾಹ್ನದಿಂದ ಫೋನ್ ಮುಟ್ಟಲೂ ಹೆದರಿಕೊಂಡು ಸಿದ್ದಾಪುರದ ಮನೆಯಲ್ಲಿ ಕೂತಿದ್ದೇನೆ.

ಬಿಡುವಿನಲ್ಲಿ ಆನ್‌ಲೈನ್ ವಿಶ್ವಕೋಶವೊಂದರ ಕನ್ನಡ ಪುಟಗಳನ್ನು ತಿದ್ದುವವನು ನಾನು. ಬೆಳಿಗ್ಗೆ ಅಲ್ಲಿ ಯಹೂದಿಗಳ ‘ಮರಗಳ ಹೊಸವರ್ಷ’ದ ಪುಟ ಕಂಡಿತು. ಕನ್ನಡದಲ್ಲಿ ಇದನ್ನು ಯಾರು ಓದುತ್ತಾರೆ ಎಂದುಕೊಂಡು, ಪುಟ ಅಳಿಸಲು ಸೂಚಿಸುವ ಚೀಟಿ ಅಂಟಿಸಿದೆ: ‘ಸಣ್ಣ ಆಚರಣೆ. ಅಚ್ಚಾದ ಆಧಾರವಿಲ್ಲ. ಹಬ್ಬಗಳ ಪಟ್ಟಿಯಲ್ಲಿ ಒಂದು ಸಾಲು ಸಾಕು.’

ಮಧ್ಯಾಹ್ನ ನೋಡಿದರೆ, ನಾನೇ ಬರೆದ ‘ಭೂಮಿ ಹುಣ್ಣಿಮೆ’ ಪುಟದ ನೆತ್ತಿಯ ಮೇಲೆ ಯಾರೋ ಅದೇ ಚೀಟಿ ಅಂಟಿಸಿದ್ದರು. ಒಂದಕ್ಷರವೂ ಬದಲಾಗಿರಲಿಲ್ಲ. ‘ಅಯ್ಯೋ’ ಎಂದು ಕೂಗಿಬಿಟ್ಟೆ. ಪಕ್ಕದಲ್ಲೇ ಅಮ್ಮ, ನಾಳೆ ಹಬ್ಬದಂದು ಗದ್ದೆಗೆ ಊಟ ಒಯ್ಯುವ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದಳು.

“ಎಂತ ಆತಾ?”

“ನಮ್ಮ ಹಬ್ಬದ ಪುಟ ಅಳಿಸ್ತಾರಂತೆ. ಪುಸ್ತಕದ ಸಾಕ್ಷಿ ಬೇಕಂತೆ.”

ಪೈರು ಹೊತ್ತ ಭೂಮಿ ಅಮ್ಮನ ಪಾಲಿಗೆ ಬಸುರಿ. “ಬಸ್ರಿಗೆ ಬಯ್ಕೆ ಊಟ ಹಾಕಕ್ಕೆ ಪುಸ್ತಕದ ಸಾಕ್ಷಿ ಬೇಕನಾ?” ಎಂದು ಕೇಳಿ ಮತ್ತೆ ಬುಟ್ಟಿಗೆ ಬಾಗಿದಳು.

ನಮ್ಮ ಹಬ್ಬದ ಪುಟ ಅಳಿಸಬೇಕೇ ಎಂಬ ಚರ್ಚೆ ತೆರೆದೆ. ‘ಅಳಿಸಿ’ ಎಂದವರೇ ಎಲ್ಲ. ‘ಉಳಿಸಿ, ಸಣ್ಣ ಹಬ್ಬಗಳಿಗೂ ಜಾಗ ಬೇಕು’ ಎಂದು ಬರೆದವರು ಒಬ್ಬರೇ. ಆ ಹೆಸರನ್ನು ಎಲ್ಲೋ ನೋಡಿದ್ದೆ. ಮರಗಳ ಪುಟ ಬರೆದವರೇ ಅವರು.

ಮರಗಳ ಪುಟಕ್ಕೆ ಓಡಿಹೋಗಿ ನನ್ನ ಚೀಟಿ ಕಿತ್ತೆ. ಆದರೆ ಯಾರು ಏನು ಅಂಟಿಸಿದರೆಂಬ ಇತಿಹಾಸ ಅಲ್ಲಿ ಎಂದೂ ಅಳಿಯುವುದಿಲ್ಲ. ಅವರಿಗೆ ಧನ್ಯವಾದ ಬರೆಯೋಣವೆಂದರೆ, ಕೆಳಗೆ ನನ್ನ ಹೆಸರು ಬೀಳುತ್ತದೆ.