ಕುಂಬಳಕಾಯಿ ಬೇಟೆ

ಬೇಟೆ ನಡೆಯದಂತೆ ನೋಡಿಕೊಳ್ಳುವುದು ಅರಣ್ಯ ಇಲಾಖೆಯಲ್ಲಿ ನನ್ನ ಕೆಲಸ. ಕ್ಯಾಸಂಬಳ್ಳಿ ಹತ್ತಿರ ಒಂದು ಮನೆತನದವರು ದೇವರ ಹೆಸರಲ್ಲಿ ವರ್ಷಕ್ಕೊಮ್ಮೆ ಬಿಲ್ಲು ಹಿಡಿಯುತ್ತಾರೆ. ಈಗ ಪ್ರಾಣಿ ಹೊಡೆಯುವಂತಿಲ್ಲವಲ್ಲ, ಮೊಲದ ಬದಲು ಕುಂಬಳಕಾಯಿ ಇಡುತ್ತಾರೆ. ಅದಕ್ಕೆ ಬಾಣ ನಾಟುವವರೆಗೆ ಯಾರ ಮನೆಯಲ್ಲೂ ಒಲೆ ಹಚ್ಚುವುದಿಲ್ಲ.

ಅದರ ಮೇಲೆ ನಿಗಾ ಇಡಲು ನಾನು ಹೋದ ಬೆಳಿಗ್ಗೆ ಜಡಿಮಳೆ. ಬಿಲ್ಲಿನ ತೊಗಲಿನ ಹೆದೆ ನೆನೆದು ಜೋಲುತ್ತಿತ್ತು, ಬಾಣದ ಗರಿ ಮುದ್ದೆಯಾಗಿತ್ತು. ಮನೆತನದ ಹಿರಿಯ ತಾತ ಕಲ್ಲಿಟ್ಟು ಗುರುತು ಮಾಡಿದ ಗೆರೆಯ ಹಿಂದೆ ನಿಂತು ಎಷ್ಟು ಎಳೆದು ಬಿಟ್ಟರೂ ಬಾಣ ಅರ್ಧದಲ್ಲೇ ಕೆಸರಿಗೆ ಬೀಳುತ್ತಿತ್ತು. ಹಿಂದೆ ಟಾರ್ಪಾಲಿನಡಿ ಹೆಂಗಸರು, ಮಕ್ಕಳು ಹಸಿದು ಕೂತಿದ್ದರು.

"ತಾತ, ಒಂಚೂರು ಮುಂದಕ್ಕೆ ಹೋಗಿ ಹೊಡೀರಿ," ಅಂದೆ.

"ಗೆರೆ ದಾಟಿ ಓಗಂಗಿಲ್ಲ ಸಾರ್. ಬೇಟೇನೇ ಈ ಕಡೀಕೆ ಬರ್ಬೇಕು."

"ಕುಂಬಳಕಾಯಿ ಹೆಂಗೆ ಬರುತ್ತೆ?"

"ಅದೇ ನೋಡಿ. ಮೊಲ ಆಗಿದ್ರೆ ಬೇರೆ ಊರೋರು ಅಟ್ಕೊಂಡು ಬರೋರು. ಬಿಲ್ಲು ಎತ್ತಿದ ಮ್ಯಾಲೆ ಇದನ್ನ ನಮ್ಮೋರು ಮುಟ್ಟಂಗಿಲ್ಲ." ತಾತ ನನ್ನನ್ನೇ ನೋಡುತ್ತಾ ನಿಂತರು.

ನಾನು ಯೂನಿಫಾರ್ಮಿನಲ್ಲಿದ್ದೆ. ಆದರೂ ಹೋಗಿ ಕಾಯಿ ಎತ್ತಿ, ಗೆರೆಯ ಹತ್ತಿರ ತಂದಿಟ್ಟು, ಪಕ್ಕಕ್ಕೆ ಸರಿದೆ. ಈ ಸಲ ಬಾಣ ನಾಟಿತು. ಮಕ್ಕಳು ಕೂಗುತ್ತಾ ಮಳೆಗೇ ಓಡಿ ಬಂದರು.

ಹೊರಡುವಾಗ ತಾತ ದಪ್ಪನೆಯ ಹೋಳೊಂದನ್ನು ಕೈಗಿಟ್ಟರು. ಬೇಡ ಅಂದೆ.

"ಬೇಟೆ ಅಟ್ಟಿ ಕೊಟ್ಟೋರ ಪಾಲು ಸಾರ್. ನಾವು ಇಟ್ಕೊಳ್ಳಂಗಿಲ್ಲ."

ಬೇಟೆಯ ಪಾಲು ಹೊತ್ತು ಸಾಗಿಸುವವರನ್ನು ನಾನು ಎಷ್ಟೋ ಸಲ ಹಿಡಿದಿದ್ದೇನೆ. ಅವತ್ತು ಆ ಹೋಳನ್ನು ರೈನ್‌ಕೋಟಿನೊಳಗೆ ಇಟ್ಟುಕೊಂಡು ಬೈಕಿನಲ್ಲಿ ಬಂಗಾರಪೇಟೆಗೆ ಹೊರಟೆ. ದಾರಿಯಲ್ಲಿ ನಮ್ಮ ಇಲಾಖೆಯ ಜೀಪು ಎದುರಾದಾಗ, ಒಳಗಿರುವುದು ಕುಂಬಳಕಾಯಿ ಅಂತ ಗೊತ್ತಿದ್ದೂ ಒಂದು ಕೈಯಲ್ಲಿ ರೈನ್‌ಕೋಟನ್ನು ಬಿಗಿಯಾಗಿ ಮುಚ್ಚಿಕೊಂಡೆ.