ಹೊಲಕ್ಕೆ ಹೋದ ಹುಲ್ಲು

ಹೊಳೆನರಸೀಪುರ ದಾಟಿದ ಮೇಲೆ ನಮ್ಮ ಬಸ್ಸು ಕೆಟ್ಟು ನಿಂತಿತು. ರಸ್ತೆ ಪಕ್ಕದ ಹೊಲದಲ್ಲಿ ಎಳೆ ರಾಗಿ ಪೈರೆಲ್ಲ ಹಳದಿಗಟ್ಟಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ! ಊರೂರಿಗೂ ಗೊಬ್ಬರದ ಪಾಠ ಹೇಳುವ ಗ್ರಾಮಸೇವಕರ ಧಾಟಿಯನ್ನು ಅಣಕಿಸಿ, "ರೈತಬಾಂಧವರೇ, ಮಣ್ಣಿಗೂ ಹುಲ್ಲುಣಿಸಿ!" ಎಂದೆ. ಬಸ್ಸಿನವರೆಲ್ಲ ನಕ್ಕರು. ಬದುವಿನ ಮೇಲೆ ನಿಂತಿದ್ದ ಹೊಲದ ಯಜಮಾನ ನಿಂಗಣ್ಣ ನಗಲಿಲ್ಲ.

"ಗ್ರಾಮಸೇವಕ್ರು ಸರ್ಯಾಗೇ ಯೋಳಿದ್ರು ಸಾ, ಗುಂಡೀಲಿ ಸಗಣಿ ಬೆರೆಸಿ ಕೊಳೆಸು ಅಂತ. ನಾನು ಆತುರಗೇಡಿ, ಒಣ ಉಲ್ಲನ್ನೇ ಉತ್ತು ಮುಚ್ಬುಟ್ಟೆ. ಅದು ಕೊಳೀತಾ ಕೊಳೀತಾ ಪೈರಿನ ಸಾರಾನೆಲ್ಲ ಈರ್ಕಂಡ್ಬುಡ್ತು."

"ಮುಂದಿನ ವರ್ಷ ಮಣ್ಣು ಚೆನ್ನಾಗಾಗುತ್ತಲ್ಲ?" ಎಂದೆ, ಈ ಸಲ ನನ್ನದೇ ಕೀರಲು ದನಿಯಲ್ಲಿ.

"ಅಲ್ಲೀಗಂಟ ಎತ್ಗೇನ್ ಆಕ್ಲಿ? ನಾನು ಮುಚ್ಚಿದ್ದು ಅದ್ರ ಮೇವೇ ಕಣ್ ಸಾ."

ಅವನ ಹೆಂಡತಿ ಕಾಳವ್ವ ಬದುವಿನಲ್ಲಿ ಕಟ್ಟಿದ್ದ ಎತ್ತಿನ ಹಗ್ಗ ಬಿಚ್ಚಿ, ಅದನ್ನು ಪೈರಿಗೇ ಬಿಟ್ಟಳು.